ಜನಾಂಗ ‘ಮನುಷ್ಯರ ಸೃಷ್ಟಿ’ಯೇ? ಅಮೆರಿಕದ ಮ್ಯೂಸಿಯಂ ವಿವಾದದ ಹಿಂದಿರುವ ನೂರು ವರ್ಷದ ವಾದ

2025ರ ಮಾರ್ಚ್ 27ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಆದೇಶವೊಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಒಂದು ಶಿಲ್ಪಕಲಾ ಪ್ರದರ್ಶನವನ್ನು ಹೆಸರು ಹಿಡಿದು ಆಕ್ಷೇಪಿಸಿತು. ಜನಾಂಗ ಜೈವಿಕ ವಾಸ್ತವವಲ್ಲ, ಸಮಾಜ ರೂಪಿಸಿದ್ದು, ‘ಜನಾಂಗ ಮನುಷ್ಯರ ಸೃಷ್ಟಿ’ ಎಂದು ಪ್ರದರ್ಶನ ಸಾರುತ್ತಿದೆ ಎಂಬುದು ದೂರು. ಅದೇ ವರ್ಷದ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ ಹೊರಟ ಇನ್ನೊಂದು ಆದೇಶ, ಸರ್ಕಾರ ಗಂಡು ಮತ್ತು ಹೆಣ್ಣು ಎಂಬ ಎರಡು ಲಿಂಗಗಳನ್ನಷ್ಟೇ ಮಾನ್ಯ ಮಾಡುತ್ತದೆ ಎಂದಿತ್ತು. ಆಗಸ್ಟ್‌ನಲ್ಲಿ ಸ್ಮಿತ್ಸೋನಿಯನ್‌ನ ಎಂಟು ಮ್ಯೂಸಿಯಂಗಳ ಪ್ರದರ್ಶನಗಳನ್ನು ಪರಿಶೀಲಿಸುವುದಾಗಿ ಶ್ವೇತಭವನ ಪತ್ರ ಬರೆಯಿತು.

ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ಮೈಬಣ್ಣ, ಕೂದಲು, ಮೂಗಿನ ಆಕಾರ ಕಣ್ಣಿಗೆ ಕಾಣುತ್ತವೆ. ಅವನ್ನು ಯಾರೋ ಕಲ್ಪಿಸಿದರು ಎಂದರೆ ಹೇಗೆ? ಗಂಡು ಹೆಣ್ಣಿನ ದೇಹದ ವ್ಯತ್ಯಾಸ ಎಳೆಯ ಮಕ್ಕಳಿಗೂ ಗೊತ್ತು. ಅದನ್ನು ಸಮಾಜ ಮಾಡಿತು ಎಂದರೆ ಯಾರು ಒಪ್ಪುತ್ತಾರೆ? ಈ ವಾದವನ್ನು ಮೊದಲು ಮುಂದಿಟ್ಟ ಮಾನವಶಾಸ್ತ್ರಜ್ಞರು ಹೇಳಿದ್ದು ಹಾಗಲ್ಲ. ಅವರು ಏನನ್ನು ಅಲ್ಲಗಳೆದರು, ಏನನ್ನು ಒಪ್ಪಿಕೊಂಡೇ ಇದ್ದರು, ಎಲ್ಲಿ ಎಡವಿದರು ಎಂಬುದು ತಿಳಿದರೆ ಇಂದಿನ ಜಗಳದ ಅರ್ಧ ಭಾಗ ತಿಳಿಯಾಗುತ್ತದೆ.

ತಲೆಬುರುಡೆ ಅಳೆದ ಶತಮಾನ

19ನೇ ಶತಮಾನದ ಯುರೋಪ್ ಮತ್ತು ಅಮೆರಿಕದ ವಿದ್ವಾಂಸರಲ್ಲಿ ಬಹುಪಾಲು ಜನ ಮನುಕುಲವನ್ನು ಒಂದು ಏಣಿಯಂತೆ ಕಂಡಿದ್ದರು. ಕೆಳಗಿನ ಮೆಟ್ಟಿಲಲ್ಲಿ ‘ಕಾಡು’ ಜನ, ನಡುವೆ ‘ಅನಾಗರಿಕ’ರು, ತುದಿಯಲ್ಲಿ ತಾವು. ಫಿಲಡೆಲ್ಫಿಯಾದ ವೈದ್ಯ ಸ್ಯಾಮುಯೆಲ್ ಮಾರ್ಟನ್ ತಲೆಬುರುಡೆಗಳೊಳಗೆ ಮೊದಲು ಕಾಳು, ಆಮೇಲೆ ಸೀಸದ ಗುಂಡು ತುಂಬಿ ಅವುಗಳ ಗಾತ್ರ ಅಳೆದು ಜನಾಂಗಗಳಿಗೆ ದರ್ಜೆ ಕೊಟ್ಟ. ಹೆಂಗಸರ ಮೆದುಳಿನ ತೂಕ ಕಡಿಮೆ ಎಂಬುದೇ ಅವರಿಗೆ ಬುದ್ಧಿ ಕಡಿಮೆ ಎನ್ನಲು ಸಾಕ್ಷಿಯಾಯಿತು. ಉನ್ನತ ಶಿಕ್ಷಣ ಪಡೆದರೆ ಹೆಣ್ಣಿನ ಗರ್ಭಕೋಶಕ್ಕೆ ಕೇಡು ಎಂದು 1873ರಲ್ಲಿ ಹಾರ್ವರ್ಡ್‌ನ ವೈದ್ಯ ಎಡ್ವರ್ಡ್ ಕ್ಲಾರ್ಕ್ ಬರೆದರು.

ಇವೆಲ್ಲ ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಗುಲಾಮಗಿರಿಯನ್ನು, ವಸಾಹತು ಆಳ್ವಿಕೆಯನ್ನು, ಹೆಣ್ಣಿಗೆ ಮತದಾನದ ಹಕ್ಕು ಕೊಡದಿರುವುದನ್ನು ಸಮರ್ಥಿಸಲು ಧರ್ಮದ ಮಾತು ಸಾಲದೇ ಹೋದ ಕಾಲದಲ್ಲಿ ಅಂಕಿಗಳು ನೆರವಿಗೆ ಬಂದವು. ‘ಇದು ನಮ್ಮ ಇಷ್ಟವಲ್ಲ, ಪ್ರಕೃತಿಯ ನಿಯಮ’ ಎಂದುಬಿಟ್ಟರೆ ಅನ್ಯಾಯ ಮಾಡಿದವರು ಉತ್ತರ ಕೊಡಬೇಕಿಲ್ಲ.

ಅದೇ ಅಳತೆಯಿಂದ ಬಂದ ಬೇರೆ ಉತ್ತರ

ಈ ಏಣಿಯನ್ನು ಅಲುಗಾಡಿಸಿದವರಲ್ಲಿ ಪ್ರಮುಖರು ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್. 1858ರಲ್ಲಿ ಜರ್ಮನಿಯ ಮಿಂಡೆನ್ ಪಟ್ಟಣದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು ಡಾಕ್ಟರೇಟ್ ಪಡೆದದ್ದು ಭೌತಶಾಸ್ತ್ರದಲ್ಲಿ. ವಿಷಯ ನೀರಿನ ಬಣ್ಣ. 1883ರಲ್ಲಿ ಕೆನಡಾದ ಉತ್ತರದ ಬಾಫಿನ್ ದ್ವೀಪಕ್ಕೆ ಹೋಗಿ ಇನುಯಿಟ್ ಜನರ ನಡುವೆ ಒಂದು ಚಳಿಗಾಲ ಕಳೆದರು. ಆ ಹಿಮದಲ್ಲಿ ಜೀವ ಉಳಿಸಿಕೊಳ್ಳಲು ಬೇಕಾದ ತಿಳಿವಳಿಕೆ ಅವರಲ್ಲಿತ್ತು, ತನ್ನಲ್ಲಿರಲಿಲ್ಲ ಎಂಬುದು ಅವರ ದಾರಿಯನ್ನೇ ಬದಲಿಸಿತು.

1887ರಲ್ಲಿ ಬೋವಾಸ್ ಒಂದು ಸಾರ್ವಜನಿಕ ಚರ್ಚೆಗೆ ಇಳಿದರು. ಅದರ ಕೇಂದ್ರ ಕೂಡ ಸ್ಮಿತ್ಸೋನಿಯನ್ ಮ್ಯೂಸಿಯಮ್ಮೇ ಆಗಿತ್ತೆಂಬುದು ಗಮನಿಸಬೇಕಾದ ಸಂಗತಿ. ಅಲ್ಲಿನ ಕ್ಯುರೇಟರ್ ಓಟಿಸ್ ಮೇಸನ್ ಒಂದೇ ಬಗೆಯ ವಸ್ತುಗಳನ್ನು, ಅವು ಯಾವ ಜನರದ್ದೇ ಆಗಿರಲಿ, ಸರಳದಿಂದ ಸಂಕೀರ್ಣಕ್ಕೆ ಸಾಲಾಗಿ ಜೋಡಿಸಿದ್ದರು. ಬೋವಾಸ್ ಇದನ್ನು ವಿರೋಧಿಸಿದರು. ಒಂದು ವಾದ್ಯವನ್ನು ಬೇಟೆಗೆ ಕರೆಯಲು ಬಾರಿಸುತ್ತಿದ್ದರೋ ಸಾವಿನ ಮನೆಯಲ್ಲಿ ಬಾರಿಸುತ್ತಿದ್ದರೋ ತಿಳಿಯದೆ ಅದರ ಅರ್ಥ ತಿಳಿಯದು, ಆದ್ದರಿಂದ ಮಾಡಿದ ಜನರ ಬದುಕಿನ ಜೊತೆಗೇ ವಸ್ತುವನ್ನು ಇಡಬೇಕು ಎಂಬುದು ಅವರ ನಿಲುವಿನ ಸಾರ. ಯಾವುದನ್ನು ಯಾವುದರ ಪಕ್ಕ ಇಟ್ಟಿದ್ದೇವೆ ಎಂಬುದರಲ್ಲೇ ಯಾರು ಮೇಲು, ಯಾರು ಕೀಳು ಎಂಬ ತೀರ್ಪು ಅಡಗಿರುತ್ತದೆ ಎಂದು ಅವರು ಅಂದೇ ಗುರುತಿಸಿದ್ದರು.

ದೊಡ್ಡ ಪೆಟ್ಟು ಬಿದ್ದದ್ದು ಮುಂದೆ. 20ನೇ ಶತಮಾನದ ಆರಂಭದಲ್ಲಿ ಇಟಲಿ ಮತ್ತು ಪೂರ್ವ ಯುರೋಪಿನಿಂದ ಲಕ್ಷಾಂತರ ಬಡ ವಲಸಿಗರು ನ್ಯೂಯಾರ್ಕ್‌ಗೆ ಬಂದಿಳಿಯುತ್ತಿದ್ದರು. ಇವರು ಕೀಳು ಜನಾಂಗದವರು, ಇವರ ಬೆರಕೆಯಿಂದ ದೇಶ ಕೆಡುತ್ತದೆ ಎಂಬ ಕೂಗೆದ್ದಿತ್ತು. ಸಂಸತ್ತು ನೇಮಿಸಿದ ಡಿಲಿಂಗ್‌ಹ್ಯಾಮ್ ಆಯೋಗ ವಲಸಿಗರ ದೇಹಲಕ್ಷಣಗಳ ಅಧ್ಯಯನವನ್ನು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಬೋವಾಸ್ ಅವರಿಗೆ ವಹಿಸಿತು. ಅವರ ತಂಡ ಸುಮಾರು 18,000 ಜನರನ್ನು, ಅಂದರೆ ವಲಸಿಗರನ್ನೂ ಅವರ ಮಕ್ಕಳನ್ನೂ, ಅಳೆಯಿತು.

ಆಗಿನ ನಂಬಿಕೆಯಂತೆ ತಲೆಯ ಅಗಲಕ್ಕೂ ಉದ್ದಕ್ಕೂ ಇರುವ ಅನುಪಾತ ಜನಾಂಗದ ಅಳಿಯದ ಗುರುತು. ಸಾವಿರಾರು ವರ್ಷ ಕಳೆದರೂ ಅದು ಬದಲಾಗದು ಎಂದೇ ಅದರ ಮೇಲೆ ವಿಂಗಡಣೆ ನಿಂತಿತ್ತು. ಬೋವಾಸ್ ಕಂಡದ್ದು ಬೇರೆ. ಗುಂಡು ತಲೆಯ ಪೂರ್ವ ಯುರೋಪಿನ ಯಹೂದಿಗಳಿಗೆ ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ತಲೆ ತುಸು ಉದ್ದವಾಗಿತ್ತು. ಉದ್ದ ತಲೆಯ ಸಿಸಿಲಿಯವರ ಮಕ್ಕಳ ತಲೆ ತುಸು ಗುಂಡಾಗಿತ್ತು. ತಾಯಿ ಅಮೆರಿಕಕ್ಕೆ ಬಂದು ಹೆಚ್ಚು ವರ್ಷ ಕಳೆದು ಹುಟ್ಟಿದ ಮಕ್ಕಳಲ್ಲಿ ವ್ಯತ್ಯಾಸವೂ ಹೆಚ್ಚು. ಒಂದೇ ತಲೆಮಾರಿನಲ್ಲಿ, ಆಹಾರ ಮತ್ತು ಪರಿಸರ ಬದಲಾದರೆ ತಲೆಬುರುಡೆಯೇ ಬದಲಾಗುವುದಾದರೆ, ಅದನ್ನೇ ಆಧಾರವಾಗಿಟ್ಟುಕೊಂಡು ಬುದ್ಧಿ, ಗುಣ, ನಾಗರಿಕತೆಗಳಿಗೆ ಶಾಶ್ವತ ದರ್ಜೆ ಕೊಡುವುದು ಹೇಗೆ?

ಇಲ್ಲಿ ಬೋವಾಸ್ ‘ಎಲ್ಲರೂ ಸಮಾನರು’ ಎಂಬ ಆದರ್ಶದಿಂದ ಹೊರಡಲಿಲ್ಲ. ಎದುರಾಳಿಗಳ ಉಪಕರಣವನ್ನೇ, ಅವರ ಮಾನದಂಡವನ್ನೇ ತೆಗೆದುಕೊಂಡು, ಅವರ ಹೇಳಿಕೆ ನಿಜವೇ ಎಂದು ಪರೀಕ್ಷಿಸಿದರು. ‘ಪ್ರಕೃತಿಯ ನಿಯಮ’ ಎಂದವರು ಅದಕ್ಕೆ ಪುರಾವೆ ಕೊಡಲೇಬೇಕಾದ ಸ್ಥಿತಿ ಬಂತು.

ಈ ಅಧ್ಯಯನವನ್ನೂ ಮುಂದೆ ಪರೀಕ್ಷೆಗೆ ಒಡ್ಡಲಾಯಿತು. 2002ರಲ್ಲಿ ಕೋರಿ ಸ್ಪಾರ್ಕ್ಸ್ ಮತ್ತು ರಿಚರ್ಡ್ ಜಾಂಟ್ಸ್ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಪರಿಸರದ ಪರಿಣಾಮ ಬಹಳ ಸಣ್ಣದು, ಅನುವಂಶೀಯತೆಯ ಪಾಲೇ ದೊಡ್ಡದು ಎಂದರು. ಮರುವರ್ಷ ಕ್ಲಾರೆನ್ಸ್ ಗ್ರಾವ್ಲೀ ಮತ್ತು ಸಂಗಡಿಗರು ಲೆಕ್ಕವನ್ನು ಇನ್ನೊಮ್ಮೆ ನೋಡಿ, ಬೋವಾಸ್ ಹೇಳಿದ್ದು ಮುಖ್ಯವಾಗಿ ಸರಿಯೇ ಎಂದರು. ಎರಡೂ ಕಡೆಯವರ ಮಾತು ಮೇಲ್ನೋಟಕ್ಕೆ ಕಾಣುವಷ್ಟು ದೂರವಿಲ್ಲ. ಬದಲಾವಣೆಯ ಪ್ರಮಾಣ ಚಿಕ್ಕದು ಎಂಬುದು ನಿಜ. ‘ಎಂದಿಗೂ ಬದಲಾಗದು’ ಎಂಬ ಸಿದ್ಧಾಂತವನ್ನು ಕೆಡವಲು ಅಷ್ಟು ಸಾಕು ಎಂಬುದೂ ನಿಜ.

ವಿಜ್ಞಾನ ಒಂದು ಹೇಳಿತು, ಕಾನೂನು ಇನ್ನೊಂದು ಮಾಡಿತು

ಬೋವಾಸ್ ವರದಿ ಸರ್ಕಾರದ ಕೈಯಲ್ಲಿದ್ದರೂ 1924ರ ವಲಸೆ ಕಾಯ್ದೆ ದಕ್ಷಿಣ ಮತ್ತು ಪೂರ್ವ ಯುರೋಪಿನವರಿಗೆ ಬಾಗಿಲನ್ನು ಬಹುತೇಕ ಮುಚ್ಚಿತು. ಆ ಭಾಗದ ಜನ ದೊಡ್ಡ ಸಂಖ್ಯೆಯಲ್ಲಿ ಬರುವ ಮುಂಚಿನ, 1890ರ ಜನಗಣತಿಯಲ್ಲಿ ಎಣಿಕೆಯಾದ ಆಯಾ ದೇಶದ ವಲಸಿಗರ ಶೇ 2ರಷ್ಟನ್ನು ಪ್ರತಿ ದೇಶದ ಮಿತಿಯಾಗಿ ಇಟ್ಟದ್ದರ ಉದ್ದೇಶವೇ ಅದು. ಏಷ್ಯಾದ ಬಹುತೇಕರಿಗಂತೂ ಪ್ರವೇಶವೇ ಇಲ್ಲವಾಯಿತು.

‘ಮನುಷ್ಯರ ಸೃಷ್ಟಿ’ ಎಂಬ ಮಾತಿನ ಅರ್ಥ ತಿಳಿಯಲು ಆ ಹೊತ್ತಿನ ಇನ್ನೊಂದು ಪ್ರಕರಣವನ್ನು ನೋಡಬೇಕು. ಪಂಜಾಬಿನಿಂದ ಹೋಗಿ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದರು. ಆಗ ಪೌರತ್ವ ಸಿಗುತ್ತಿದ್ದದ್ದು ‘ಬಿಳಿಯರಿಗೆ’ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ. 1922ರಲ್ಲಿ ಜಪಾನಿನ ಟಕಾವೊ ಒಜಾವಾ ಅವರ ಅರ್ಜಿ ತಳ್ಳಿಹಾಕುವಾಗ ಸುಪ್ರೀಂ ಕೋರ್ಟ್, ಮೈಬಣ್ಣ ಬಿಳಿಯಿದ್ದರೆ ಸಾಲದು, ‘ಕಕೇಷಿಯನ್’ (ಯುರೋಪಿನವರನ್ನು ಒಳಗೊಂಡ, ಅಂದಿನ ವಿದ್ವಾಂಸರು ಗುರುತಿಸಿದ್ದ ಗುಂಪು) ಜನಾಂಗದವರಾಗಿರಬೇಕು ಎಂದಿತ್ತು. ಹಾಗಿದ್ದರೆ ಅಂದಿನ ಮಾನವಶಾಸ್ತ್ರದ ವಿಂಗಡಣೆಯಂತೆ ಉತ್ತರ ಭಾರತದ ತಾನು ಕಕೇಷಿಯನ್ ಎಂದು ಥಿಂಡ್ ವಾದಿಸಿದರು. 1923ರಲ್ಲಿ ಅದೇ ಕೋರ್ಟ್ ಮಾತು ತಿರುಗಿಸಿ, ವಿಜ್ಞಾನಿಗಳ ವಿಂಗಡಣೆಯಲ್ಲ, ಸಾಮಾನ್ಯ ಜನರ ತಿಳಿವಳಿಕೆಯೇ ಮುಖ್ಯ ಎಂದಿತು. ಈ ತೀರ್ಪಿನ ಬಲದ ಮೇಲೆ ಅದಾಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳಲಾಯಿತು.

ಎರಡು ತೀರ್ಪುಗಳ ನಡುವಿನ ಮೂರು ತಿಂಗಳಲ್ಲಿ ಥಿಂಡ್ ಅವರ ಮೈಬಣ್ಣವಾಗಲೀ ಮೂಳೆಯಾಗಲೀ ಬದಲಾಗಿರಲಿಲ್ಲ. ಬದಲಾದದ್ದು ಗೆರೆ ಎಳೆಯುವ ರೀತಿ. ಮನುಷ್ಯರ ನಡುವೆ ದೈಹಿಕ ವ್ಯತ್ಯಾಸಗಳು ಇವೆ; ಅವುಗಳಲ್ಲಿ ಯಾವುದನ್ನು ಎಣಿಕೆಗೆ ತರಬೇಕು, ಗೆರೆಯನ್ನು ಎಲ್ಲಿ ಎಳೆಯಬೇಕು, ಗೆರೆಯ ಆಚೆಗೆ ಬಿದ್ದವರಿಗೆ ಏನು ನಿರಾಕರಿಸಬೇಕು ಎಂಬುದನ್ನು ನಿರ್ಧರಿಸುವವರು ಮನುಷ್ಯರು. ಸ್ಮಿತ್ಸೋನಿಯನ್ ಪ್ರದರ್ಶನದ ವಾಕ್ಯ ಹೇಳುವುದು ಇದನ್ನೇ. ಹಾಗೆ ಎಳೆದ ಗೆರೆಯ ಪರಿಣಾಮ ಮಾತ್ರ ಕಲ್ಲಿನಷ್ಟು ಗಟ್ಟಿ. ಭಾರತೀಯರಿಗೆ ಪೌರತ್ವದ ದಾರಿ ಮತ್ತೆ ತೆರೆಯಲು 1946ರವರೆಗೆ ಕಾಯಬೇಕಾಯಿತು.

ಕೊಲಂಬಿಯಾದ ತರಗತಿಯಲ್ಲಿ ಅಂಬೇಡ್ಕರ್

ಇದೇ ವಾದಕ್ಕೆ ಭಾರತದಲ್ಲೊಂದು ಕವಲಿದೆ. ನಮ್ಮ ಓದುಗರಿಗೆ ಇದರ ಪರಿಚಯ ಇರಬೇಕಾದಷ್ಟಿಲ್ಲ. 1901ರ ಜನಗಣತಿಯ ಹೊಣೆ ಹೊತ್ತಿದ್ದ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲೆ, ಮೂಗಿನ ಅಗಲ ಹೆಚ್ಚಿದಷ್ಟೂ ಜಾತಿಯ ಸಾಮಾಜಿಕ ಸ್ಥಾನ ಇಳಿಯುತ್ತದೆ ಎಂದು ಪ್ರತಿಪಾದಿಸಿದ್ದರು. ಜಾತಿಯೆಂದರೆ ಮೂಲತಃ ಜನಾಂಗ, ಆರ್ಯರು ದ್ರಾವಿಡರಿಂದ ರಕ್ತ ಕಾಪಾಡಿಕೊಳ್ಳಲು ಕಟ್ಟಿದ ಗೋಡೆ ಎಂಬುದು ಅವರ ಸಿದ್ಧಾಂತ. ಇದು ನಿಜವಾಗಿದ್ದರೆ ಮೇಲುಕೀಳು ದೇಹದಲ್ಲೇ ಬರೆದಿದೆ ಎಂದಾಗುತ್ತದೆ.

1916ರ ಮೇ 9ರಂದು ಕೊಲಂಬಿಯಾದಲ್ಲಿ ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರ ಸೆಮಿನಾರಿನಲ್ಲಿ ಭೀಮರಾವ್ ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಗೋಲ್ಡನ್‌ವೈಸರ್ ಬೋವಾಸ್ ಅವರ ಶಿಷ್ಯರು. ಯುರೋಪಿನ ವಿದ್ವಾಂಸರು ಜಾತಿಯಲ್ಲಿ ಬಣ್ಣದ ಪಾತ್ರಕ್ಕೆ ಅತಿಯಾದ ಒತ್ತು ಕೊಟ್ಟಿದ್ದಾರೆ ಎಂದು ಅಂಬೇಡ್ಕರ್ ಅಲ್ಲಿ ವಾದಿಸಿದರು. ಅವರ ಪ್ರಕಾರ ಜಾತಿಯ ತಿರುಳು ರಕ್ತವಲ್ಲ, ಒಳಮದುವೆಯ ಕಟ್ಟಳೆ. ಆ ಕಟ್ಟಳೆ ಉಳಿಯಬೇಕಾದರೆ ಹೆಣ್ಣಿನ ಬದುಕನ್ನು ಹಿಡಿತದಲ್ಲಿ ಇಡಲೇಬೇಕು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಮೂರೂ ಅದಕ್ಕಾಗಿ ಬಂದವು. ಜನಾಂಗ ಮತ್ತು ಲಿಂಗ ಎಂಬ ಎರಡು ಪ್ರಶ್ನೆಗಳು ಒಂದೇ ಬೇರಿನಲ್ಲಿ ಕೂಡುತ್ತವೆ ಎಂದು 25 ವರ್ಷದ ಆ ವಿದ್ಯಾರ್ಥಿ ಇಷ್ಟು ಸ್ಪಷ್ಟವಾಗಿ ಕಂಡದ್ದು ಆ ಕಾಲದ ಮಾನವಶಾಸ್ತ್ರದಲ್ಲಿ ಅಪರೂಪದ ಸಾಧನೆ ಎಂದೇ ಹೇಳಬೇಕು. 1936ರಲ್ಲಿ ಅವರು ಇನ್ನಷ್ಟು ನೇರವಾಗಿ ಕೇಳಿದರು: ಪಂಜಾಬಿನ ಬ್ರಾಹ್ಮಣನಿಗೂ ಪಂಜಾಬಿನ ಚಮ್ಮಾರನಿಗೂ ಜನಾಂಗದ ವ್ಯತ್ಯಾಸ ಏನಿದೆ?

ಜರ್ಮನಿಯಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದವರು ಭಾರತದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ. 1920ರ ದಶಕದ ಕೊನೆಯಲ್ಲಿ ಬರ್ಲಿನ್‌ನಲ್ಲಿ ಯೂಜೆನ್ ಫಿಶರ್ ಅವರ ಬಳಿ ಸಂಶೋಧನೆ ಮಾಡುವಾಗ, ತಲೆಬುರುಡೆಯ ಎಡಬಲಗಳ ಅಸಮತೆಯಲ್ಲಿ ಜನಾಂಗದ ವ್ಯತ್ಯಾಸ ಹುಡುಕುವುದು ಅವರ ಕೆಲಸವಾಗಿತ್ತು. ಮುಂದೆ ನಾಜಿ ಜನಾಂಗವಾದಕ್ಕೆ ವಿಜ್ಞಾನದ ಹೊದಿಕೆ ಒದಗಿಸಿದ ಗುರುವಿನ ಮುಂದೆ, ಅಂಥ ಸಂಬಂಧ ಸಿಗಲಿಲ್ಲ ಎಂದು ಕರ್ವೆ ಬರೆದುಕೊಟ್ಟರು. ಆದರೂ ಭಾರತಕ್ಕೆ ಮರಳಿದ ಮೇಲೆ ಅವರು ಜಾತಿ ಸಮುದಾಯಗಳ ದೇಹ ಅಳೆಯುವುದನ್ನು ಬಿಡಲಿಲ್ಲ. ಪ್ರಶ್ನೆಯನ್ನು ಕೆಡವಿದರೂ ಉಪಕರಣ ಕೈಬಿಡಲಿಲ್ಲ. ಆ ತಲೆಮಾರಿನ ಹಲವರ ಸ್ಥಿತಿ ಇದೇ.

ಸಮೋವಾದಿಂದ ನ್ಯೂಗಿನಿಗೆ

ಹೆಣ್ಣು ಗಂಡಿನ ಪ್ರಶ್ನೆ ಹೆಚ್ಚು ಚರ್ಚೆಗೆ ಬಂದದ್ದು ಬೋವಾಸ್ ಅವರ ಶಿಷ್ಯೆ ಮಾರ್ಗರೆಟ್ ಮೀಡ್ ಅವರಿಂದ. ಹದಿಹರೆಯದ ತಳಮಳ ದೇಹದ ಬದಲಾವಣೆಯಿಂದಲೇ ಬರುತ್ತದೆ, ಎಲ್ಲೆಡೆ ಅನಿವಾರ್ಯ ಎಂದು ಅಂದಿನ ಮನಶ್ಶಾಸ್ತ್ರ ಹೇಳುತ್ತಿತ್ತು. 1925ರಲ್ಲಿ 23 ವರ್ಷದ ಮೀಡ್ ಪೆಸಿಫಿಕ್ ಸಾಗರದ ಸಮೋವಾಕ್ಕೆ ಹೋದರು. ಅಲ್ಲಿನ ಹುಡುಗಿಯರಲ್ಲಿ ಅಂಥ ತಳಮಳ ಅಷ್ಟಾಗಿಲ್ಲ, ಆದ್ದರಿಂದ ಕಾರಣ ದೇಹದಲ್ಲಲ್ಲ, ಬೆಳೆಸುವ ರೀತಿಯಲ್ಲಿದೆ ಎಂದು 1928ರಲ್ಲಿ ಬರೆದರು. 1935ರಲ್ಲಿ ಪ್ರಕಟವಾದ ಇನ್ನೊಂದು ಕೃತಿಯಲ್ಲಿ ನ್ಯೂಗಿನಿಯ ಮೂರು ಸಮುದಾಯಗಳನ್ನು ಹೋಲಿಸಿದರು. ಅರಪೇಶ್ ಜನರಲ್ಲಿ ಗಂಡು ಹೆಣ್ಣು ಇಬ್ಬರೂ ಸೌಮ್ಯರು. ಮುಂಡುಗುಮೋರ್‌ಗಳಲ್ಲಿ ಇಬ್ಬರೂ ಉಗ್ರರು. ಚಂಬುಲಿಗಳಲ್ಲಿ ವ್ಯವಹಾರ ಹೆಂಗಸರದ್ದು, ಅಲಂಕಾರ ಮತ್ತು ಮುನಿಸು ಗಂಡಸರದ್ದು. ‘ಗಂಡಸಿನ ಸ್ವಭಾವ’, ‘ಹೆಂಗಸಿನ ಸ್ವಭಾವ’ ಎನ್ನುವುದರಲ್ಲಿ ಬಹಳಷ್ಟು ಕಲಿಸಿದ್ದು ಎಂಬುದು ಅವರ ತೀರ್ಮಾನ. ದೇಹದಲ್ಲಿ ಗಂಡು ಹೆಣ್ಣು ಎಂಬ ಭೇದವೇ ಇಲ್ಲ ಎಂದು ಅವರು ಎಲ್ಲೂ ಹೇಳಲಿಲ್ಲ.

ಮೀಡ್ ಅವರ ವಿವರಗಳ ಮೇಲೆ ಗಂಭೀರ ಆಕ್ಷೇಪಗಳು ಬಂದಿವೆ, ಅವನ್ನು ಮುಚ್ಚಿಡಬಾರದು. ಅವರ ಜೊತೆಗೇ ಕ್ಷೇತ್ರಕಾರ್ಯ ಮಾಡಿದ್ದ ಮಾಜಿ ಪತಿ ರಿಯೊ ಫಾರ್ಚೂನ್ 1939ರಲ್ಲಿ, ಅರಪೇಶ್‌ಗಳಲ್ಲಿ ಯುದ್ಧವೂ ಇತ್ತು ಎಂದು ತೋರಿಸಿದರು. ಮುಂದೆ ಅದೇ ಚಂಬುಲಿಗಳ ನಡುವೆ ಕೆಲಸ ಮಾಡಿದ ಡೆಬೊರಾ ಗೆವರ್ಟ್ಸ್, ಮೀಡ್ ಕಂಡದ್ದು ವಿಶೇಷ ಸನ್ನಿವೇಶ ಎಂದರು: ನೆಲೆ ತಪ್ಪಿ ಮರಳಿದ್ದ ಸಮುದಾಯದ ಗಂಡಸರು ಆಗ ತಮ್ಮ ಧಾರ್ಮಿಕ ಮನೆಗಳನ್ನು ಮತ್ತೆ ಕಟ್ಟಿ ಅಲಂಕರಿಸುವುದರಲ್ಲಿ ತೊಡಗಿದ್ದರು. 1983ರಲ್ಲಿ ಡೆರೆಕ್ ಫ್ರೀಮನ್, ಸಮೋವಾದ ಚಿತ್ರಣವೇ ತಪ್ಪು ಎಂದು ಪುಸ್ತಕ ಬರೆದರು. ಹುಡುಗಿಯರು ತಮಾಷೆಗೆ ಹೇಳಿದ್ದನ್ನು ಮೀಡ್ ನಂಬಿದರು ಎಂದು ನಂತರ ವಾದಿಸಿದರು. ಫ್ರೀಮನ್ ಸಾಕ್ಷ್ಯಗಳನ್ನು ಆಯ್ದು ಬಳಸಿದರು ಎಂದು ಪಾಲ್ ಶಾಂಕ್‌ಮನ್ 2009ರಲ್ಲಿ ವಿವರವಾಗಿ ತೋರಿಸಿದರು.

ಹೀಗಾಗಿ ಎರಡು ವಾದಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಜನಾಂಗದ ಬಗ್ಗೆ ಬೋವಾಸ್ ಹೇಳಿದ್ದು ಕಾಲ ಕಳೆದಂತೆ ಗಟ್ಟಿಯಾಗಿದೆ. ಲಿಂಗದ ಬಗ್ಗೆ ಮೀಡ್ ಕೇಳಿದ ಪ್ರಶ್ನೆ ಉಳಿದಿದೆ, ಕೊಟ್ಟ ಉದಾಹರಣೆಗಳು ಪೂರ್ತಿ ಉಳಿದಿಲ್ಲ. ನೂರಾರು ಸಮಾಜಗಳನ್ನು ಹೋಲಿಸಿ ನೋಡಿದ ಜಾರ್ಜ್ ಮರ್ಡಾಕ್ ಅವರ ಕೆಲಸ ಇಲ್ಲಿ ಹೆಚ್ಚು ನೆರವಾಗುತ್ತದೆ. ಲೋಹ ಕರಗಿಸುವುದು, ದೊಡ್ಡ ಪ್ರಾಣಿಗಳ ಬೇಟೆ ಬಹುತೇಕ ಎಲ್ಲೆಡೆ ಗಂಡಸರ ಕೆಲಸ. ಮಡಕೆ, ನೇಯ್ಗೆಯಂಥವು ಒಂದೊಂದು ಕಡೆ ಒಂದೊಂದು ರೀತಿ. ಅಮೆರಿಕದ ನೈರುತ್ಯ ಭಾಗದಲ್ಲಿ ಅಕ್ಕಪಕ್ಕದಲ್ಲೇ ಬದುಕುವ ಹೋಪಿಗಳಲ್ಲಿ ಸಾಂಪ್ರದಾಯಿಕವಾಗಿ ಮಗ್ಗ ಗಂಡಸರದ್ದು, ನವಾಹೊಗಳಲ್ಲಿ ಹೆಂಗಸರದ್ದು. ದೇಹದ ಪಾತ್ರ ಇಲ್ಲವೇ ಇಲ್ಲ ಎಂಬುದೂ ಸರಿಯಲ್ಲ, ಎಲ್ಲವನ್ನೂ ದೇಹವೇ ನಿರ್ಧರಿಸುತ್ತದೆ ಎಂಬುದೂ ಸರಿಯಲ್ಲ.

ತಮ್ಮದೇ ಮನೆಯ ಅನ್ಯಾಯ

1897ರಲ್ಲಿ ಪರಿಶೋಧಕ ರಾಬರ್ಟ್ ಪಿಯರಿ ಗ್ರೀನ್‌ಲ್ಯಾಂಡ್‌ನಿಂದ ಆರು ಇನುಯಿಟ್ ಜನರನ್ನು ನ್ಯೂಯಾರ್ಕಿನ ಮ್ಯೂಸಿಯಂಗೆ ಕರೆತಂದರು. ನಾಲ್ವರು ಕೆಲವೇ ತಿಂಗಳಲ್ಲಿ ಕಾಯಿಲೆಯಿಂದ ಸತ್ತರು. ಅವರಲ್ಲೊಬ್ಬರಾದ ಕಿಸುಕ್ ಅವರ ಪುಟ್ಟ ಮಗ ಮಿನಿಕ್‌ನನ್ನು ನಂಬಿಸಲು ಸುಳ್ಳು ಶವಸಂಸ್ಕಾರ ನಡೆಸಿ, ಅಸ್ಥಿಪಂಜರವನ್ನು ಮ್ಯೂಸಿಯಂ ಇಟ್ಟುಕೊಂಡಿತು. ಆಗ ಅಲ್ಲಿದ್ದ ಬೋವಾಸ್ ಇದರಲ್ಲಿ ಭಾಗಿ. ಮೂಳೆಗಳು ಗ್ರೀನ್‌ಲ್ಯಾಂಡ್‌ಗೆ ಮರಳಿದ್ದು 1993ರಲ್ಲಿ. ಜನಾಂಗವಾದವನ್ನು ವಿರೋಧಿಸಿದ ಮನುಷ್ಯನೂ ಎದುರಿಗಿದ್ದವರನ್ನು ಮಾದರಿ ವಸ್ತುವಾಗಿ ಕಾಣಬಲ್ಲ ಎಂಬುದು ಕಹಿ ಸತ್ಯ.

ಅವರ ಬಳಗದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿತ್ತು, ಆದರೆ ಎಲ್ಲರಿಗೂ ಒಂದೇ ಜಾಗ ಇರಲಿಲ್ಲ. ಕಪ್ಪು ಸಮುದಾಯದ ಜೋರಾ ನೀಲ್ ಹರ್ಸ್ಟನ್, ಡಕೋಟ ಸಮುದಾಯದ ಎಲ್ಲಾ ಡೆಲೋರಿಯಾ ತಮ್ಮ ಜನರ ಕಥೆಗಳನ್ನೂ ಭಾಷೆಯನ್ನೂ ದಾಖಲಿಸಿ ಅಪಾರ ಕೆಲಸ ಮಾಡಿದರು. ಡಾಕ್ಟರೇಟ್ ಇಬ್ಬರಿಗೂ ಸಿಗಲಿಲ್ಲ. ಬೋವಾಸ್ ಅವರ ಇನ್ನೊಬ್ಬ ಶಿಷ್ಯೆ ರೂತ್ ಬೆನೆಡಿಕ್ಟ್ ಕೊಲಂಬಿಯಾದಲ್ಲಿ ಪೂರ್ಣ ಪ್ರಾಧ್ಯಾಪಕಿಯಾದದ್ದು 1948ರಲ್ಲಿ, ಸಾಯುವುದಕ್ಕೆ ಸ್ವಲ್ಪ ಮುಂಚೆ. ಅದಕ್ಕೂ ಮೊದಲು, 1943ರಲ್ಲಿ, ಜೀನ್ ವೆಲ್ಟ್‌ಫಿಶ್ ಜೊತೆ ಅವರು ಜನಾಂಗದ ಬಗ್ಗೆ ಬರೆದ ಹತ್ತು ಸೆಂಟಿನ ಕಿರುಪುಸ್ತಕ ಸೈನಿಕರ ಕೈಗೆ ಹೋಗದಂತೆ ಅಮೆರಿಕದ ಸೈನ್ಯ ತಡೆಯಿತು. ಉತ್ತರದ ಕೆಲವು ರಾಜ್ಯಗಳ ಕಪ್ಪು ಸೈನಿಕರು ದಕ್ಷಿಣದ ಕೆಲವು ರಾಜ್ಯಗಳ ಬಿಳಿ ಸೈನಿಕರಿಗಿಂತ ಬುದ್ಧಿ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದಿದ್ದರು ಎಂಬ ಅಂಕಿ ಅದರಲ್ಲಿತ್ತು. ಅಂಕಗಳ ಅಂತರಕ್ಕೆ ಕಾರಣ ರಕ್ತವಲ್ಲ, ಶಾಲೆ ಎಂಬುದು ಅವರ ವಿವರಣೆ.

ಇಂದಿನ ವಾದಗಳು

ತಳಿವಿಜ್ಞಾನ ಬೋವಾಸ್ ಅವರ ಪರ ಬಲವಾದ ಸಾಕ್ಷ್ಯ ಕೊಟ್ಟಿದೆ. ಮನುಷ್ಯರ ಆನುವಂಶಿಕ ವೈವಿಧ್ಯದ ಸುಮಾರು ಶೇ 85ರಷ್ಟು ಯಾವುದೇ ಒಂದು ಜನಸಮೂಹದ ಒಳಗೇ ಇದೆ ಎಂದು 1972ರಲ್ಲಿ ರಿಚರ್ಡ್ ಲೆವೊಂಟಿನ್ ತೋರಿಸಿದರು. ಇದಕ್ಕೆ ಎದುರಾಗಿ, ಹಲವು ಗುರುತುಗಳನ್ನು ಒಟ್ಟಿಗೆ ನೋಡಿದರೆ ಒಬ್ಬರ ಪೂರ್ವಜರು ಯಾವ ಭೂಭಾಗದವರೆಂದು ಹೇಳಬಹುದು ಎಂಬ ವಾದವನ್ನು 2003ರಲ್ಲಿ ಎ.ಡಬ್ಲ್ಯು.ಎಫ್. ಎಡ್ವರ್ಡ್ಸ್ ಮುಂದಿಟ್ಟರು. ಎರಡೂ ಸತ್ಯ. ಪೂರ್ವಜರ ಊರು ಪತ್ತೆಯಾಗುವುದು ಬೇರೆ, ಮನುಕುಲ ನಾಲ್ಕೈದು ಗಡಿಬಿದ್ದ ಜನಾಂಗಗಳಾಗಿ ಒಡೆದಿದೆ ಎನ್ನುವುದು ಬೇರೆ.

ಭಾರತದ ಉದಾಹರಣೆ ಇದನ್ನು ಇನ್ನೂ ಚೆನ್ನಾಗಿ ತಿಳಿಸುತ್ತದೆ. 2013ರ ಒಂದು ಡಿಎನ್‌ಎ ಅಧ್ಯಯನದ ಪ್ರಕಾರ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಇಲ್ಲಿನ ಜನ ವ್ಯಾಪಕವಾಗಿ ಬೆರೆತರು. ಆಮೇಲೆ ಒಳಮದುವೆ ಬಿಗಿಯಾಯಿತು. ಆರ್ಯವೈಶ್ಯ ಸಮುದಾಯದ ಕೆಲವರಲ್ಲಿ ಕಿಣ್ವವೊಂದರ ಕೊರತೆಯಿಂದಾಗಿ, ಅರಿವಳಿಕೆ ಜೊತೆ ಕೊಡುವ ಸ್ನಾಯು ಸಡಿಲಿಸುವ ಔಷಧದ ಪರಿಣಾಮ ಬೇಗ ಇಳಿಯದಿರುವುದಕ್ಕೆ ಇದೇ ಹಿನ್ನೆಲೆ. ಇಲ್ಲಿ ದೇಹದ ವ್ಯತ್ಯಾಸ ಜಾತಿಯನ್ನು ಹುಟ್ಟಿಸಲಿಲ್ಲ. ಮದುವೆಯ ಕಟ್ಟಳೆ ದೇಹದಲ್ಲಿ ಗುರುತು ಬಿಟ್ಟಿತು. ಅಂಬೇಡ್ಕರ್ 1916ರಲ್ಲಿ ಬೆರಳಿಟ್ಟು ತೋರಿಸಿದ ಕಟ್ಟಳೆಯೇ ಇದು.

ಗೆರೆ ತಪ್ಪಿದರೆ ಬೆಲೆ ತೆರುವವರು

ಮ್ಯೂಸಿಯಂ ಫಲಕದ ಒಂದು ವಾಕ್ಯಕ್ಕೆ ಇಷ್ಟು ಜಗಳ ಏಕೆ ಎನ್ನುವವರಿಗೆ ಅಮೆರಿಕದ ಆಸ್ಪತ್ರೆಗಳಲ್ಲಿ ಉತ್ತರವಿದೆ. ಅಲ್ಲಿ ಮೂತ್ರಪಿಂಡದ ಸಾಮರ್ಥ್ಯ ಅಳೆಯುವ ಸೂತ್ರ, ರೋಗಿ ಕಪ್ಪು ಜನಾಂಗದವರಾಗಿದ್ದರೆ ಫಲಿತಾಂಶವನ್ನು 1.159ರಿಂದ ಗುಣಿಸುತ್ತಿತ್ತು. ಅದೇ ರಕ್ತ ಪರೀಕ್ಷೆ, ಅದೇ ವಯಸ್ಸು. ಆದರೂ ಕಪ್ಪು ರೋಗಿಯ ಮೂತ್ರಪಿಂಡ ಕಾಗದದ ಮೇಲೆ ಹೆಚ್ಚು ಆರೋಗ್ಯವಾಗಿ ಕಾಣುತ್ತಿತ್ತು. ಸಾಮರ್ಥ್ಯ ನಿಮಿಷಕ್ಕೆ 20 ಮಿಲಿಲೀಟರ್‌ಗೆ ಇಳಿದ ಮೇಲೆ ಇಲ್ಲವೇ ಡಯಾಲಿಸಿಸ್ ಶುರುವಾದ ಮೇಲಷ್ಟೇ ಕಸಿಗಾಗಿ ಕಾಯುವ ಅವಧಿಯ ಎಣಿಕೆ ಶುರುವಾಗುವುದರಿಂದ ಅವರ ಸರದಿ ಹಿಂದೆ ಬೀಳುತ್ತಿತ್ತು. 2021ರಲ್ಲಿ ತಜ್ಞರ ಕಾರ್ಯಪಡೆ ಜನಾಂಗವನ್ನು ಸೂತ್ರದಿಂದ ತೆಗೆಯಬೇಕೆಂದು ಶಿಫಾರಸು ಮಾಡಿತು. 2023ರಿಂದ, ಹಳೆಯ ಸೂತ್ರದಿಂದ ನಷ್ಟವಾದ ಕಪ್ಪು ರೋಗಿಗಳ ಕಾಯುವ ಅವಧಿಯನ್ನು ಸರಿಪಡಿಸುವುದು ಕಸಿ ಕೇಂದ್ರಗಳಿಗೆ ಕಡ್ಡಾಯವಾಯಿತು. ಹಾಗೆ ಸರಿಪಡಿಸಲು, ಯಾವ ರೋಗಿಯನ್ನು ಹಿಂದೆ ಕಪ್ಪು ಜನಾಂಗದವರೆಂದು ಬರೆದುಕೊಳ್ಳಲಾಗಿತ್ತು ಎಂಬ ದಾಖಲೆಯನ್ನೇ ಆಸ್ಪತ್ರೆಗಳು ತೆರೆದು ನೋಡಬೇಕಾಯಿತು.